ನೊರೆ, ಪಾಕ, ಕಟ್ಟು: ಮೆರಾಂಗ್ ಬಿಸ್ಕತ್ತು ನಮ್ಮ ಅಡುಗೆಮನೆಗೆ ಬಂದ ದಾರಿ

ಮೊಟ್ಟೆಯ ಬಿಳಿಯ ಭಾಗವನ್ನು ಸಕ್ಕರೆಯೊಡನೆ ಗಟ್ಟಿ ನೊರೆಯಾಗುವವರೆಗೆ ಕಡೆದು, ಚಿಕ್ಕ ಚಿಕ್ಕ ಶಿಖರಗಳಂತೆ ತಟ್ಟೆಯಲ್ಲಿಟ್ಟು, ಮಂದವಾದ ಒಣ ಕಾವಿನಲ್ಲಿ ಒಂದೂವರೆ ಎರಡು ಗಂಟೆ ಆರಿಸಿದರೆ ದೊರೆಯುವ ತಿನಿಸಿಗೆ ಮೆರಾಂಗ್ ಎಂದು ಹೆಸರು. ಬರೆವಣಿಗೆಯನ್ನು ನೋಡಿ ಮೆರಿಂಗ್ಯೂ ಎನ್ನುವವರೂ ಉಂಟು. ಹಲ್ಲಿಗೆ ಗರಿಗರಿಯಾಗಿ ತಾಕಿ ನಾಲಗೆಯ ಮೇಲೆ ಇಲ್ಲವಾಗುವ ಈ ಬಿಳಿಯ ಬಿಸ್ಕತ್ತಿಗೆ ಕನ್ನಡದಲ್ಲಿ ಹೆಸರಿಲ್ಲ. ಹಾಗೆಂದು ನಮ್ಮ ಮಟ್ಟಿಗೆ ಅದಕ್ಕೆ ಚರಿತ್ರೆಯೂ ಇಲ್ಲವೆಂದು ತಿಳಿಯಬೇಕಾಗಿಲ್ಲ. ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳಲ್ಲಿ ಈಚೆಗೆ ಮಕ್ಕಳು ಇದನ್ನು ಮಾಡತೊಡಗಿದ್ದಾರೆ. ಆದ್ದರಿಂದ ಇದು ಎಲ್ಲಿಂದ ಬಂತು, ಬರುವ ಮೊದಲು ಇದರ ಜಾಗದಲ್ಲಿ ಏನಿತ್ತು, ಬಂದ ಮೇಲೆ ನಮ್ಮ ಪಂಕ್ತಿಯಲ್ಲಿ ಏನು ಬದಲಾಯಿತು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಳ್ಳುತ್ತೇವೆ.

ಯೂರೋಪಿನಲ್ಲಿ ಇದರ ಹುಟ್ಟನ್ನು ಕುರಿತು ಒಂದು ಜನಪ್ರಿಯ ಕತೆಯಿದೆ. ಸ್ವಿಟ್ಜರ್ಲೆಂಡಿನ ಮೈರಿಂಗೆನ್ ಎಂಬ ಊರಿನಲ್ಲಿ 1720ರ ಸುಮಾರಿಗೆ ಗ್ಯಾಸ್ಪರೀನಿ ಎಂಬ ಇಟಲಿಯ ಬಾಣಸಿಗನು ಇದನ್ನು ಕಂಡುಹಿಡಿದನು, ಊರಿನ ಹೆಸರೇ ತಿನಿಸಿಗೂ ಬಂತು ಎಂಬುದು ಆ ಕತೆ. ಆದರೆ ಫ್ರಾನ್ಸಿನ ಫ್ರಾಂಸ್ವಾ ಮಾಸಿಯಾಲೋ 1692ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಈ ಪದವೂ ಪಾಕವಿಧಾನವೂ ಆಗಲೇ ಇವೆ. ಇಪ್ಪತ್ತೆಂಟು ವರ್ಷ ಮೊದಲೇ ಅಚ್ಚಾದ ಮಾತನ್ನು ಆಮೇಲಿನ ಬಾಣಸಿಗನ ತಲೆಗೆ ಕಟ್ಟುವುದು ಸಾಧ್ಯವಿಲ್ಲ. ಅದಕ್ಕೂ ಹಿಂದೆ, 1604ರ ಕಾಲಮಾನವುಳ್ಳ ಇಂಗ್ಲೆಂಡಿನ ಎಲಿನೋರ್ ಫೆಟಿಪ್ಲೇಸ್ ಎಂಬ ಗೃಹಿಣಿಯ ಕೈಬರೆಹದ ಅಡುಗೆ ಪುಸ್ತಕದಲ್ಲಿ ಸಕ್ಕರೆ, ಮೊಟ್ಟೆಯ ಬಿಳಿ ಮತ್ತು ಒಂದು ಹಿಡಿ ಹಿಟ್ಟಿನಿಂದ ಮಾಡುವ ಬಿಳಿಯ ಬಿಸ್ಕತ್ತಿನ ವಿವರ ಸಿಗುತ್ತದೆ. ಹೆಸರು ಬೇರೆ, ವಸ್ತು ಬಹುಮಟ್ಟಿಗೆ ಇದೇ. ಪೋರ್ಚುಗೀಸರು ಇದನ್ನು ಸುಸ್ಪಿರೋ ಎನ್ನುತ್ತಾರೆ. ಅದರ ಅರ್ಥ ನಿಟ್ಟುಸಿರು. ಬಾಯಲ್ಲಿಟ್ಟ ಕೂಡಲೇ ಇಲ್ಲವಾಗುವ ವಸ್ತುವಿಗೆ ಇದಕ್ಕಿಂತ ಒಪ್ಪುವ ಹೆಸರು ದೊರೆಯುವುದು ಕಷ್ಟ.

ಇಲ್ಲಿ ಗಮನಿಸಬೇಕಾದುದು ಮೊಟ್ಟೆಗಿಂತ ಮೊದಲು ಸಕ್ಕರೆಯನ್ನು. ಸಂಸ್ಕೃತದ ಶರ್ಕರಾ ಕನ್ನಡದಲ್ಲಿ ಸಕ್ಕರೆಯಾಯಿತು. ಪಾರಸಿಯಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್ ಎಂದಾಗಿ ಯೂರೋಪಿನ ಭಾಷೆಗಳನ್ನು ಹೊಕ್ಕಿತು. ವಸ್ತುವೂ ಮಾತೂ ಒಂದೇ ದಾರಿಯಲ್ಲಿ ಪಡುವಣಕ್ಕೆ ಹೋದುವು. ಅಲ್ಲಿ ಸಕ್ಕರೆಯ ಪಾಕವನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿಯನ್ನು ಹಾಕುವ ಪದ್ಧತಿ ಬಹುಕಾಲ ನಡೆಯಿತು. ಕಾಯುವ ಪಾಕದಲ್ಲಿ ಬಿಳಿಯು ಹೆಪ್ಪುಗಟ್ಟಿ ಕೊಳೆಯನ್ನೆಲ್ಲ ಹಿಡಿದುಕೊಂಡು ಮೇಲೆ ತೇಲುತ್ತದೆ. ಆ ಕೆನೆಯನ್ನು ತೆಗೆದರೆ ಪಾಕ ಶುಭ್ರವಾಗುತ್ತದೆ. ಮೆರಾಂಗಿನಲ್ಲಿ ಜೊತೆಗೂಡುವ ಈ ಎರಡು ವಸ್ತುಗಳು ಅಲ್ಲಿಯ ಮಿಠಾಯಿಗಾರರ ಕೈಯಲ್ಲಿ ಮೊದಲೇ ಪರಸ್ಪರ ಪರಿಚಿತವಾಗಿದ್ದುವು.

ಇದೇ ಕೆಲಸಕ್ಕೆ ನಮ್ಮವರು ಬಳಸಿದ್ದು ಹಾಲನ್ನು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯುವ ಹಳೆಯ ಮೈಸೂರು ಸೀಮೆಯ ಹೆಂಗಸರು ಕುದಿಯುವ ಪಾಕಕ್ಕೆ ಸ್ವಲ್ಪ ಹಾಲು, ನಿಂಬೆರಸ ಹಾಕಿ, ಮೇಲೆ ಬಂದ ಕಲ್ಮಷವನ್ನು ತೆಗೆದು ಸೋಸುತ್ತಾರೆ. ಕ್ರಮ ಬೇರೆಯಾದರೂ ತತ್ತ್ವ ಒಂದೇ: ಕಾವಿಗೆ ಒಡೆಯುವ ಒಂದು ಸಾರಜನಕ ಪದಾರ್ಥವು ಕೊಳೆಯನ್ನು ಹೊತ್ತು ಮೇಲೇರುತ್ತದೆ. ಉತ್ತರ ಕರ್ನಾಟಕದಲ್ಲಿ ಗೌರಿ ಹುಣ್ಣಿಮೆಗೆ ಮರದ ಅಚ್ಚುಗಳಲ್ಲಿ ಮಾಡುವ ಸಕ್ಕರೆ ಆರತಿಗಳು, ಸಂಕ್ರಮಣದ ಮುಂಚಿನ ದಿನಗಳಲ್ಲಿ ಬೆಚ್ಚಗಿನ ಎಳ್ಳಿನ ಮೇಲೆ ತೆಳುಪಾಕವನ್ನು ಹನಿಹನಿಯಾಗಿ ಚಿಮುಕಿಸಿ ಮುಳ್ಳೆಬ್ಬಿಸುವ ಕುಸುರೆಳ್ಳು, ಜಾತ್ರೆಯ ಅಂಗಡಿಗಳಲ್ಲಿ ರಾಶಿ ಹಾಕುವ ಬತ್ತಾಸು, ಬೆಳಗಾವಿ ಕಡೆಯ ಮದುವೆಗಳಲ್ಲಿ ಬೋರಲು ಮಡಕೆಯ ಮೇಲೆ ಬೇಯುವ ಮಂಡಿಗೆ, ಇವೆಲ್ಲ ಬಿಳಿಯ ಸಕ್ಕರೆಯ ಕಲೆಗಳೇ. ಇವುಗಳಲ್ಲಿ ಮೆರಾಂಗಿಗೆ ತೀರ ಹತ್ತಿರದ ನೆಂಟ ಬತ್ತಾಸು. ಬಿಸಿಪಾಕಕ್ಕೆ ಚಿಟಿಕೆ ಸೋಡಾ ಬಿದ್ದಾಗ ಏಳುವ ಗುಳ್ಳೆಗಳನ್ನು ಪಾಕವು ಆರುವಾಗ ತನ್ನೊಳಗೆ ಹಿಡಿದಿಡುತ್ತದೆ. ಗಾಳಿಯನ್ನು ಸಕ್ಕರೆಯ ಗೋಡೆಗಳಲ್ಲಿ ಬಂಧಿಸುವುದೇ ಎರಡರ ಗುಟ್ಟು. ಒಂದರಲ್ಲಿ ಗುಳ್ಳೆಯನ್ನು ಸೋಡಾ ಎಬ್ಬಿಸುತ್ತದೆ, ಇನ್ನೊಂದರಲ್ಲಿ ಕೈ ಕಡೆಯುತ್ತದೆ. ಬತ್ತಾಸಿಗೆ ಒಲೆಯ ಮೇಲಿನ ಬಾಣಲೆ ಸಾಕು. ಮೆರಾಂಗಿಗೆ ನಾಲ್ಕೂ ಕಡೆಯಿಂದ ಸಮನಾಗಿ ಮುಟ್ಟುವ ಒಣ ಕಾವು, ಎಂದರೆ ಗೂಡೊಲೆ ಬೇಕು.

ಹೈದರಾಬಾದಿನಲ್ಲಿ ಗೂಡೊಲೆಗೆ ಕೊರತೆಯಿರಲಿಲ್ಲ. 1806ರಲ್ಲಿ ನಿಜಾಮ ಸಿಕಂದರ್ ಜಾಹನ ಹೆಸರು ಪಡೆದ ಸಿಕಂದರಾಬಾದಿನ ದಂಡಿನಲ್ಲಿ ಇಂಗ್ಲಿಷರಿಗೆ ಬ್ರೆಡ್ಡು ಬೇಕಾಗಿತ್ತು. ನಗರದಲ್ಲಿ ಇರಾನಿ ಹೋಟೆಲುಗಳು ಬೆಳೆದ ಮೇಲೆ ಚಹದ ಜೊತೆಗೆ ಬನ್ನು, ಬಿಸ್ಕತ್ತುಗಳು ಬೇಕಾದುವು. 1911ರಿಂದ 1948ರವರೆಗೆ ಆಳಿದ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲೀ ಖಾನನ ಹೆಸರನ್ನು ಹೊತ್ತ ಉಸ್ಮಾನಿಯಾ ಬಿಸ್ಕತ್ತು, ಸಿಹಿಯ ಹಿಂದೆ ಉಪ್ಪು ತೋರುವ ತನ್ನ ರುಚಿಯಿಂದ ಊರಿನ ಗುರುತೇ ಆಯಿತು. ದೇಶವಿಭಜನೆಯಲ್ಲಿ ಊರು ಕಳೆದುಕೊಂಡು ಬಂದ ಸಿಂಧಿ ವ್ಯಾಪಾರಿ ಖಾನ್‌ಚಂದ್ ರಾಮ್ನಾನಿ 1953ರಲ್ಲಿ ಮೊಅಜ್ಜಂ ಜಾಹಿ ಮಾರುಕಟ್ಟೆಯ ಬಳಿ ತೆರೆದ ಕರಾಚಿ ಬೇಕರಿಯ ಹಣ್ಣಿನ ಬಿಸ್ಕತ್ತು ಇನ್ನೊಂದು ಗುರುತು. ಸಕ್ಕರೆಯೂ ದೂರದಿಂದ ಬರಬೇಕಾಗಿರಲಿಲ್ಲ. 1937ರಲ್ಲಿ ನಿಜಾಮಾಬಾದ್ ಜಿಲ್ಲೆಯ ಬೋಧನದಲ್ಲಿ ನಿಜಾಮ್ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಅದರ ಸುತ್ತಲಿನ ಬಡಾವಣೆಗೆ ಶಕ್ಕರ್‌ನಗರವೆಂದೇ ಹೆಸರು. ಕನ್ನಡ ಓದುಗರಿಗೆ ಈ ಸೀಮೆ ಬೇರೊಂದು ಕಾರಣದಿಂದ ಆಪ್ತವಾದುದು: ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯ ವೇಮುಲವಾಡ ಇದೇ ತೆಲಂಗಾಣದಲ್ಲಿದೆ.

ಇಷ್ಟೆಲ್ಲ ಇದ್ದರೂ ಮೆರಾಂಗು ಕನ್ನಡ ಮನೆಗಳ ಹೊಸ್ತಿಲನ್ನು ಬೇಗ ದಾಟಲಿಲ್ಲ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುವು. ಓದಿಗೆ, ನೌಕರಿಗೆ, ಕೋರ್ಟು ಕಚೇರಿಗೆ ಆ ಕಡೆಯವರು ಬಂದದ್ದು ಈ ಊರಿಗೇ. ಕಾಚಿಗುಡದ ಸುತ್ತ ನೆಲೆಸಿದ ಕುಟುಂಬಗಳಲ್ಲಿ ಅನೇಕವು ಅಂದು ಬಂದವುಗಳ ಮುಂದಿನ ತಲೆಮಾರುಗಳು. ರಾಜ್ಯಗಳು ಬೇರೆಯಾದಾಗ ಇವರು ಮನೆ ಬದಲಿಸದೆಯೇ ಹೊರನಾಡಿಗರಾದರು. ಇಂಥ ಮನೆಗಳಲ್ಲಿ ಕೆಲವಕ್ಕೆ ತತ್ತಿ ದಿನನಿತ್ಯದ ಆಹಾರ. ಕೆಲವಕ್ಕೆ ಅದು ಹೊಸ್ತಿಲಿನ ಹೊರಗಿನ ವಸ್ತು. ಬೇಕರಿಯ ಬಿಸ್ಕತ್ತನ್ನು ಪೊಟ್ಟಣ ಬಿಚ್ಚಿ ತಿನ್ನಲು ಅಡ್ಡಿಯಿಲ್ಲದ ಮನೆಯಲ್ಲಿಯೂ ಅಡುಗೆಮನೆಯಲ್ಲಿ ತತ್ತಿ ಒಡೆಯುವುದು ಬೇರೆ ಮಾತು.

ಬೆಂಗಳೂರಿನಲ್ಲಿ ಈ ತೊಡಕಿಗೆ ಬೇರೊಂದು ಉತ್ತರ ದೊರೆಯಿತು. ಹಾಸನ ಸೀಮೆಯಿಂದ ಬಂದ ಎಚ್. ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯ ಕಡೆ ಆರಂಭಿಸಿದ ಬೇಕರಿಯಿಂದ ಮೊದಲಾದ ಅಯ್ಯಂಗಾರ್ ಬೇಕರಿಗಳ ಪರಂಪರೆಯು ಮೊಟ್ಟೆಯಿಲ್ಲದ ಕೇಕಿಗೆ ಹೆಸರಾಯಿತು. ಆ ಹೆಸರಿನ ಫಲಕಗಳನ್ನು ಇಂದು ಹೈದರಾಬಾದಿನ ಬೀದಿಗಳಲ್ಲಿಯೂ ಕಾಣುತ್ತೇವೆ. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಇನ್ನೊಂದು ದಾರಿ ತೆರೆದಿತ್ತು. ಕ್ರಿಸ್ಮಸ್ಸಿನ ಕುಸ್ವಾರಿನ ತಟ್ಟೆಯಲ್ಲಿ ಗೋಡಂಬಿ, ಸಕ್ಕರೆ ಮತ್ತು ಮೊಟ್ಟೆಯ ಬಿಳಿಯ ಮ್ಯಾಕರೂನಿಗೆ ಸ್ಥಾನವಿದೆ. ತಮಿಳುನಾಡಿನ ತೂತ್ತುಕುಡಿಯ ಶಂಕುವಿನಾಕಾರದ ಮ್ಯಾಕರೂನು ಇದರ ಹತ್ತಿರದ ಬಂಧು. ಯೂರೋಪಿನ ಬಾದಾಮಿಯ ಜಾಗದಲ್ಲಿ ಪೋರ್ಚುಗೀಸರೇ ತಂದ ಗೋಡಂಬಿ ಕುಳಿತು, ಕರಾವಳಿಯಲ್ಲಿ ಮೆರಾಂಗಿನ ಒಂದು ಶಾಖೆ ಬೇರೂರಿತು. ಹೀಗಾಗಿ ಕನ್ನಡ ನಾಡಿನಲ್ಲಿಯೇ ಮೊಟ್ಟೆಯ ಬಿಳಿಯ ನೊರೆಯನ್ನು ಬಲ್ಲ ಕೈಗಳೂ, ಮೊಟ್ಟೆಯನ್ನೇ ಬಿಟ್ಟು ಗೂಡೊಲೆಯನ್ನು ಪಳಗಿಸಿದ ಕೈಗಳೂ ಏಕಕಾಲದಲ್ಲಿ ಇದ್ದುವು. ಒಳನಾಡಿನ ಬಯಲುಸೀಮೆಯ ನಮ್ಮ ಮನೆಗಳು ಎರಡಕ್ಕೂ ದೂರವಾಗಿದ್ದುವು.

ದೂರಕ್ಕೆ ಒಂದು ಯಾಂತ್ರಿಕ ಕಾರಣವೂ ಉಂಟು. ಮನೆಯಲ್ಲಿ ಗೂಡೊಲೆ ಇಲ್ಲದ ಕಾಲದಲ್ಲಿ ಗೃಹಿಣಿಯರು ಕುಕ್ಕರಿನ ತಳಕ್ಕೆ ಮರಳು ಹರಡಿ, ಗ್ಯಾಸ್ಕೆಟ್ಟು ಮತ್ತು ಸೀಟಿ ತೆಗೆದು, ಅದರೊಳಗೆ ಕೇಕು ಬೇಯಿಸುವುದನ್ನು ಕಲಿತರು. ಕೇಕಿಗೆ ಆ ಉಪಾಯ ಸಾಕು, ಏಕೆಂದರೆ ಕೇಕು ಬೇಯಬೇಕಾದ ವಸ್ತು. ಮೆರಾಂಗು ಬೇಯುವುದಕ್ಕಿಂತ ಹೆಚ್ಚಾಗಿ ಒಣಗಬೇಕಾದ ವಸ್ತು. ಮೊಟ್ಟೆಯ ಬಿಳಿಯಲ್ಲಿ ನೂರಕ್ಕೆ ಸುಮಾರು 90 ಪಾಲು ನೀರು. ಆ ನೀರೆಲ್ಲ ಹೊರಟುಹೋಗಬೇಕು. ಮುಚ್ಚಳದ ಕೆಳಗೆ ಆವಿ ನಿಲ್ಲುವ ಕುಕ್ಕರಿನಲ್ಲಿ ಅದು ಅಂಟಾಗಿಯೇ ಉಳಿಯುತ್ತದೆ. 90ರಿಂದ 110 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ಕಾವನ್ನು ಗಂಟೆಗಟ್ಟಲೆ ಹಿಡಿದಿಡುವ ವಿದ್ಯುತ್ ಓವನ್ನು ಮಧ್ಯಮವರ್ಗದ ಮನೆಗೆ ಬಂದ ಮೇಲೆಯೇ ಇದು ಸಾಧ್ಯವಾಯಿತು. ಅಷ್ಟರಲ್ಲಿ ಮೊಟ್ಟೆಯೂ ಸುಲಭವಾಗಿತ್ತು. 1982ರಲ್ಲಿ ಡಾ. ಬಿ. ವಿ. ರಾವ್ ಅವರ ಮುಂದಾಳುತನದಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹುಟ್ಟಿ, ಸಾಕಣೆಗಾರರೇ ದರ ನಿಗದಿಮಾಡುವ ವ್ಯವಸ್ಥೆ ಬೆಳೆಯಿತು. ಹೈದರಾಬಾದಿನ ಸುತ್ತಿನ ಜಿಲ್ಲೆಗಳು ಕೋಳಿಸಾಕಣೆಯ ಕೇಂದ್ರಗಳಾದುವು.

ಮಾಡುವ ಕ್ರಮದಲ್ಲಿ ಹಳೆಯ ಅಡುಗೆಮನೆಯ ವಿವೇಕ ಅರ್ಧ ಉಪಯೋಗಕ್ಕೆ ಬರುತ್ತದೆ, ಅರ್ಧ ಅಡ್ಡ ಬರುತ್ತದೆ. ಕಡೆಯುವುದೆಂದರೆ ನಮಗೆ ನೆನಪಾಗುವುದು ಕಡಗೋಲು. ಆದರೆ ಮೊಸರು ಕಡೆಯುವುದು ಜಿಡ್ಡನ್ನು ಕೂಡಿಸುವುದಕ್ಕಾಗಿ. ಮೊಟ್ಟೆಯ ಬಿಳಿಯನ್ನು ಕಡೆಯುವುದು ಗಾಳಿಯನ್ನು ಕೂಡಿಸುವುದಕ್ಕಾಗಿ. ಜಿಡ್ಡು ಎಳ್ಳಷ್ಟಿದ್ದರೂ ನೊರೆ ನಿಲ್ಲುವುದಿಲ್ಲ, ಆದ್ದರಿಂದ ಬೆಣ್ಣೆ ಕಂಡ ಕಡಗೋಲು ಇಲ್ಲಿಗೆ ಸಲ್ಲದು. ತಾಮ್ರದ ಕತೆಯೂ ಹೀಗೆಯೇ. ಫ್ರೆಂಚ್ ಬಾಣಸಿಗರು ತಾಮ್ರದ ಬೋಗುಣಿಯಲ್ಲಿ ಕಡೆದರೆ ನೊರೆ ಗಟ್ಟಿಯಾಗುತ್ತದೆಂದು ನಂಬಿದ್ದರು. 1984ರಲ್ಲಿ ಹೆರಾಲ್ಡ್ ಮೆಗೀ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಕಾರಣವನ್ನು ಚರ್ಚಿಸಿ, ತಾಮ್ರದ ಕಣಗಳು ಬಿಳಿಯಲ್ಲಿರುವ ಒಂದು ಪ್ರೋಟೀನಿನೊಡನೆ ಸೇರಿ ಅದನ್ನು ಸ್ಥಿರಗೊಳಿಸುವುದನ್ನು ಸೂಚಿಸಿದರು. ನಮ್ಮ ಮನೆಗಳಲ್ಲಿಯೂ ತಾಮ್ರದ ಪಾತ್ರೆಗಳಿದ್ದುವು, ಆದರೆ ಅಡುಗೆಯ ತಾಮ್ರಕ್ಕೆ ಒಳಗೆ ಕಲಾಯಿ ಹಾಕಿಸುತ್ತಿದ್ದೆವು. ಹುಳಿಯಿಂದ ಕಾಪಾಡುವ ಆ ತವರದ ಲೇಪದ ಮೇಲೆ ತಾಮ್ರದ ಗುಣ ನಡೆಯದು. ನಾಲ್ಕು ಹನಿ ನಿಂಬೆರಸವೇ ನಮಗೆ ಸಾಕಾಗುವ ಬದಲಿ.

ಒಂದು ಮೊಟ್ಟೆಯ ಬಿಳಿ ಸುಮಾರು 30 ಗ್ರಾಂ ತೂಗುತ್ತದೆ. ಅದಕ್ಕೆ 50ರಿಂದ 60 ಗ್ರಾಂ ನುಣ್ಣನೆಯ ಸಕ್ಕರೆ. ನೊರೆ ಮೃದುವಾಗಿ ನಿಂತ ಮೇಲೆ ಸಕ್ಕರೆಯನ್ನು ಚಮಚ ಚಮಚವಾಗಿ ಸೇರಿಸಬೇಕು. ಒಮ್ಮೆಲೇ ಸುರಿದರೆ ಅದು ಕರಗದೆ ಉಳಿದು, ಓವನ್ನಿನಲ್ಲಿ ಹನಿಹನಿಯಾಗಿ ಒಸರುತ್ತದೆ. ಬೆರಳುಗಳ ನಡುವೆ ತಿಕ್ಕಿದಾಗ ಹರಳು ತಾಕದಿದ್ದರೆ ಹದ ಬಂತೆಂದು ತಿಳಿಯಬೇಕು. ಎಳೆಪಾಕವನ್ನು ಬೆರಳಲ್ಲಿ ಎಳೆದು ನೋಡುವ ನಮ್ಮ ಪರೀಕ್ಷೆಗೂ ಇದಕ್ಕೂ ಅಂತರ ಬಹಳವಿಲ್ಲ. ಹೈದರಾಬಾದಿನ ಹವೆಯೂ ಇದಕ್ಕೆ ಒಗ್ಗುತ್ತದೆ. ಸಮುದ್ರಮಟ್ಟದಿಂದ ಐನೂರು ಮೀಟರಿಗಿಂತ ಮೇಲಿರುವ ಈ ದಖ್ಖಣಿ ಊರಿನಲ್ಲಿ ಮಾಘದಿಂದ ಚೈತ್ರದವರೆಗೆ ಗಾಳಿ ಒಣಗಿರುತ್ತದೆ. ಮುಂಗಾರು ಬಂತೆಂದರೆ ಸಕ್ಕರೆ ಗಾಳಿಯ ತೇವವನ್ನು ಹೀರಿ, ಸಂಜೆಯೊಳಗೆ ಬಿಸ್ಕತ್ತು ಮೆತ್ತಗಾಗುತ್ತದೆ.

ಇನ್ನು ಪಂಕ್ತಿಯ ಪ್ರಶ್ನೆ. ಹೊರನಾಡಿನ ಕನ್ನಡ ಕೂಟವೆಂದರೆ ಊರಿನಲ್ಲಿ ಬಹುಶಃ ಒಂದೇ ಜಗುಲಿಯಲ್ಲಿ ಕೂರದಿದ್ದ ಮನೆತನಗಳು ಭಾಷೆಯ ಕಾರಣದಿಂದ ಒಂದಾಗಿ ಕೂರುವ ಜಾಗ. ರಾಜ್ಯೋತ್ಸವಕ್ಕೋ ಯುಗಾದಿಗೋ ಸೇರಿದಾಗ ಪ್ರತಿ ಮನೆಯಿಂದಲೂ ಒಂದೊಂದು ಡಬ್ಬಿ ಬರುತ್ತದೆ. ಮಕ್ಕಳು ತಾವೇ ಮಾಡಿದ ಮೆರಾಂಗಿನ ಡಬ್ಬಿ ಮುಂದಿಟ್ಟಾಗ ಕೆಲವರ ಕೈ ಮುಂದೆ ಬರುತ್ತದೆ, ಕೆಲವರದು ಮಡಿಲಲ್ಲೇ ಉಳಿಯುತ್ತದೆ. ಯಾರೂ ಏನೂ ಅನ್ನುವುದಿಲ್ಲ. ಆದರೆ ತತ್ತಿ ತಿನ್ನುವ ಮನೆಯ ಮಗುವಿಗೆ ತನ್ನ ಡಬ್ಬಿ ಏಕೆ ಅರ್ಧ ತುಂಬಿಯೇ ಹಿಂದಿರುಗಿತೆಂಬುದು ತಿಳಿಯದೆ ಹೋಗುವುದಿಲ್ಲ. ಆಹಾರದಿಂದ ಮನುಷ್ಯರನ್ನು ಅಳೆಯುವ ಹಳೆಯ ತಕ್ಕಡಿ, ಒಂದು ಮಾತೂ ಇಲ್ಲದೆ, ಆ ಮಗುವಿನ ಕೈಗೂ ಬರುತ್ತದೆ. ಇದನ್ನು ಚಿಕ್ಕ ಸಂಗತಿಯೆಂದು ನಾವು ತಿಳಿದಿಲ್ಲ.

2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ಎಂಬ ಸಂಗೀತಗಾರರು ಕಾಳು ಬೆಂದ ನೀರು ಮೊಟ್ಟೆಯ ಬಿಳಿಯಂತೆ ನೊರೆಗಟ್ಟುವುದನ್ನು ಗಮನಿಸಿ ಪ್ರಕಟಿಸಿದರು. ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಎಂಬವರು ಕಾಬೂಲಿ ಕಡಲೆ ಬೆಂದ ನೀರು ಮತ್ತು ಸಕ್ಕರೆ, ಇವೆರಡರಿಂದಲೇ ಮೆರಾಂಗು ಆಗುತ್ತದೆಂದು ತೋರಿಸಿ, ಲ್ಯಾಟಿನ್ ಮಾತುಗಳನ್ನು ಕೂಡಿಸಿ ಅದಕ್ಕೆ ಅಕ್ವಾಫಾಬಾ ಎಂದು ಹೆಸರಿಟ್ಟರು. ಕಾಳಿನಿಂದ ನೀರಿಗಿಳಿದ ಪ್ರೋಟೀನು, ಪಿಷ್ಟ ಮತ್ತು ಸ್ಯಾಪೊನಿನ್ನುಗಳು ಗುಳ್ಳೆಯನ್ನು ಹಿಡಿದು ನಿಲ್ಲಿಸುತ್ತವೆ. ಕಡಲೆಯ ವಿಷಯದಲ್ಲಿ ಹೈದರಾಬಾದು ಅಪರಿಚಿತ ಸ್ಥಳವಲ್ಲ. 1972ರಲ್ಲಿ ನಗರದ ಹೊರವಲಯದ ಪಟಾನ್‌ಚೆರುವಿನಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಗೆ ಕಡಲೆ ಮುಖ್ಯ ಸಂಶೋಧನೆಯ ಬೆಳೆಗಳಲ್ಲೊಂದು. ಅದರ ನೇತೃತ್ವದ ಅಂತರರಾಷ್ಟ್ರೀಯ ತಂಡವು ಕಡಲೆಯ ಜೀನೋಮಿನ ಕರಡನ್ನು 2013ರಲ್ಲಿ ಪ್ರಕಟಿಸಿತು. ಆಯ್ದುಕೊಂಡದ್ದು ಕಾಬೂಲಿ ಜಾತಿಯ ತಳಿಯನ್ನೇ.

ಲ್ಯಾಟಿನ್ನಿನಲ್ಲಿ ಹೊಸದಾಗಿ ಹೆಸರಿಡಬೇಕಾಗಿ ಬಂದ ಆ ನೀರಿಗೆ ಕನ್ನಡದಲ್ಲಿ ಬಹುಕಾಲದಿಂದ ಹೆಸರಿದೆ: ಕಟ್ಟು. ಹೋಳಿಗೆಗೆ ಬೇಳೆ ಬೇಯಿಸಿ ಬಸಿದ ನೀರೇ ಕಟ್ಟು. ಮಾರನೆಯ ದಿನವೂ ರುಚಿಗೆಡದ ಕಟ್ಟಿನ ಸಾರು ಅದರಿಂದಲೇ ಆಗುವುದು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು, ಆದರೆ ಅದರ ಕಟ್ಟಿಗೆ ಯಾರ ಮಾನ್ಯತೆಯೂ ಬೇಕಾಗಿರಲಿಲ್ಲ. ಮೆರಾಂಗಿಗೆ ಬೇಕಾದ ಕಟ್ಟನ್ನು ಹೀಗೆ ತೆಗೆಯಬಹುದು. 200 ಗ್ರಾಂ ಕಾಬೂಲಿ ಕಡಲೆಯನ್ನು ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ, ಕಾಳು ಮುಳುಗುವಷ್ಟೇ ಹೊಸ ನೀರಿನಲ್ಲಿ ಉಪ್ಪಿಲ್ಲದೆ ಬೇಯಿಸಬೇಕು. ಬೆಂದ ನೀರಿನಲ್ಲೇ ಕಾಳು ಆರಲಿ. ಬಸಿದ ಕಟ್ಟು ತೆಳುವಾಗಿದ್ದರೆ ಲೋಳೆಯ ಹದಕ್ಕೆ ಬರುವವರೆಗೆ ಕುದಿಸಿ ಇಂಗಿಸಿ, ತಣ್ಣಗಾಗಿಸಬೇಕು. 120 ಮಿಲಿಲೀಟರ್ ಕಟ್ಟಿಗೆ ನಾಲ್ಕು ಹನಿ ನಿಂಬೆರಸ ಹಾಕಿ ಕಡೆಯತೊಡಗಿ, ನೊರೆ ನಿಂತಂತೆ 100ರಿಂದ 120 ಗ್ರಾಂ ಪುಡಿಸಕ್ಕರೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಒಟ್ಟು ಹತ್ತು ಹದಿನೈದು ನಿಮಿಷ ಯಂತ್ರದಿಂದ ಕಡೆದರೆ ಪಾತ್ರೆಯನ್ನು ಬೋರಲು ಹಾಕಿದರೂ ಬೀಳದಂಥ ನೊರೆಯಾಗುತ್ತದೆ. ಮೊಟ್ಟೆಯ ಬಿಳಿಯಂತೆ ಇದು ಕಾವಿಗೆ ಹೆಪ್ಪುಗಟ್ಟುವುದಿಲ್ಲ. ಆದ್ದರಿಂದ 100 ಡಿಗ್ರಿಯನ್ನು ಮೀರಿದರೆ ಕರಗಿ ಹರಡುವ ಅಪಾಯವುಂಟು. ಎರಡು ಗಂಟೆ ಆರಿಸಿ, ಓವನ್ನಿನೊಳಗೇ ತಣಿಯಲು ಬಿಡಬೇಕು. ಏಲಕ್ಕಿಯ ಪುಡಿ ಸೇರಿಸಿದರೆ ಕಡಲೆಯ ವಾಸನೆ ಉಳಿಯದು.

ಇದನ್ನು ತಿಳಿದ ಕೂಡಲೇ ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎಂಬ ಮಾತು ಕೆಲವರ ಬಾಯಿಗೆ ಬರುತ್ತದೆ. ಇರಲಿಲ್ಲ. ನಮ್ಮ ಅಜ್ಜಿಯರು ಕಟ್ಟಿನಿಂದ ಸಾರು ಮಾಡಿದರು, ಮೆರಾಂಗು ಮಾಡಲಿಲ್ಲ. ಮಾಡುವ ಅಗತ್ಯವೂ ಅವರಿಗಿರಲಿಲ್ಲ. ಬೇಳೆ ಕುದಿಯುವಾಗ ಉಕ್ಕುವ ನೊರೆಯನ್ನು ಅವರು ಸೌಟಿನಿಂದ ತೆಗೆದು ಚೆಲ್ಲಿದರು. ಅದರಲ್ಲಿ ಬಿಸ್ಕತ್ತನ್ನು ಕಂಡವರು ಬೇರೆ ದೇಶದವರು, ಬೇರೆ ಕಾರಣಕ್ಕೆ. ಕಂಡವರಿಗೆ ಕಂಡ ಗೌರವ ಸಲ್ಲಬೇಕು. ಇಲ್ಲದ ಆವಿಷ್ಕಾರದ ಹೆಮ್ಮೆಯನ್ನು ಪಡುವುದು ಮನಸ್ಸಿನಲ್ಲೇ ಮಂಡಿಗೆ ತಿಂದಂತೆ. ಹೊಟ್ಟೆಗೂ ಇಲ್ಲ, ಚರಿತ್ರೆಗೂ ಇಲ್ಲ. ನಮ್ಮದೆನ್ನಬಹುದಾದದ್ದು ಆವಿಷ್ಕಾರವಲ್ಲ, ವಸ್ತುವಿನ ಪರಿಚಯ ಮತ್ತು ಅದನ್ನು ಕರೆಯುವ ಮಾತು.

ಆ ಮಾತೇ ಈಗ ಕೈಜಾರುತ್ತಿದೆ. ಹೊರನಾಡಿನಲ್ಲಿ ಕನ್ನಡ ಮೊದಲು ಸವೆಯುವುದು ಸಭೆಯಲ್ಲಲ್ಲ, ಒಲೆಯ ಮುಂದೆ. ಮಕ್ಕಳಿಗೆ ಅಕ್ವಾಫಾಬಾ ಗೊತ್ತು, ಕಟ್ಟು ಗೊತ್ತಿಲ್ಲ. ಹದ, ಎಳೆಪಾಕ, ಬಸಿ, ಇಂಗಿಸು, ಆರಿಸು, ಕಡೆ, ಈ ಕ್ರಿಯೆಗಳೆಲ್ಲ ಕೈಯಲ್ಲಿ ಉಳಿದಿವೆ, ನಾಲಗೆಯಿಂದ ಹೋಗುತ್ತಿವೆ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ 1025ರ ಸುಮಾರಿನಲ್ಲಿಯೇ ಪಾಕವಿಷಯವನ್ನು ಕನ್ನಡದಲ್ಲಿ ಬರೆಯಿತು. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ 16ನೆಯ ಶತಮಾನದ ಆರಂಭದ್ದು. ಅಡುಗೆಯನ್ನು ಗ್ರಂಥಕ್ಕೆ ಯೋಗ್ಯವೆಂದು ಎಣಿಸಿದ ಭಾಷೆ ಇದು. ಹಾಗಿದ್ದೂ ಮನೆಯ ಹೆಂಗಸರು ದಿನವೂ ಆಡಿದ ಹದದ ಮಾತುಗಳಲ್ಲಿ ಬಹುಪಾಲು ಬರೆಹಕ್ಕೆ ಬರಲೇ ಇಲ್ಲ. ಆಡುವವರಿದ್ದಷ್ಟು ಕಾಲ ಬರೆಯುವ ಅಗತ್ಯ ಕಾಣಲಿಲ್ಲ. ಈಗ ಕಾಣುತ್ತಿದೆ.

ಆದ್ದರಿಂದ ನಮ್ಮ ಸಲಹೆ ಸರಳವಾದುದು. ಮಗುವು ಮೊಟ್ಟೆಯಿಂದ ಮಾಡಲಿ ಅಥವಾ ಕಡಲೆಯಿಂದ ಮಾಡಲಿ, ಅದನ್ನು ಮನೆಯ ರೂಢಿಗೆ ಬಿಡೋಣ. ಕಡಲೆಯ ಬಿಸ್ಕತ್ತು ಎಲ್ಲರ ಕೈಗೂ ಹೋಗುತ್ತದೆಂಬ ಕಾರಣಕ್ಕೆ ತತ್ತಿಯದನ್ನು ಕೀಳೆಂದು ಎಣಿಸುವುದು ಬೇಡ. ಕೂಟದ ಮೇಜಿನ ಮೇಲೆ ಎರಡು ಡಬ್ಬಿಗಳೂ ಇರಲಿ, ಎರಡಕ್ಕೂ ಹೆಸರು ಬರೆದಿರಲಿ. ಮಾಡುವಾಗ ಪಕ್ಕದಲ್ಲಿ ನಿಂತವರು ಕನ್ನಡದಲ್ಲಿ ಮಾತಾಡಲಿ: ಕಟ್ಟು ಬಸಿ, ಇನ್ನೂ ಸ್ವಲ್ಪ ಇಂಗಲಿ, ಹದ ಬಂತೇ ನೋಡು, ಜಿಡ್ಡು ತಾಗಿಸಬೇಡ. ಬೆಂದ ಕಡಲೆಯನ್ನು ಉಸುಳಿ ಮಾಡಿಕೊಳ್ಳಬಹುದು. ಮೃಗಶಿರೆಯ ಮಳೆಗೆ ಇನ್ನೂ ದಿನಗಳಿವೆ. ಗಾಳಿ ಒಣಗಿರುವಾಗಲೇ ಮಾಡಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ತುಂಬಿಡಿ.